ಮುಯ್ಯಿ ಇಲ್ಲದ ಸೇವೆ

ಬೇಸಿಗೆ ರಜೆ ಬಂತೆಂದರೆ ಅಮೆರಿಕದ ಚರ್ಚುಗಳಿಂದ ತರುಣ ತರುಣಿಯರ ತಂಡಗಳು ಹೊರಡುತ್ತವೆ. ಮೆಕ್ಸಿಕೋದಲ್ಲೋ ಆಫ್ರಿಕಾದಲ್ಲೋ ಒಂದು ಬಡ ಊರು ಸೇರಿ, ಒಂದು ವಾರ ಅಲ್ಲಿದ್ದು, ಶಾಲೆಗೆ ಬಣ್ಣ ಹಚ್ಚಿ, ಯಾರದೋ ಮನೆಯ ಗೋಡೆ ಎಬ್ಬಿಸಿ, ಮಕ್ಕಳಿಗೆ ಹಾಡು ಕಲಿಸಿ ಹಿಂತಿರುಗುತ್ತವೆ. ಅದನ್ನು ಅವರು ಮಿಷನ್ ಯಾತ್ರೆ ಎನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ತೀರ ಹತ್ತಿರದ್ದು ಎನ್‌ಎಸ್‌ಎಸ್ ಶಿಬಿರ. ಗಾಂಧಿ ಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ, ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಈ ಯೋಜನೆ ಶುರುವಾಯಿತು. ಎರಡು ವರ್ಷದಲ್ಲಿ 240 ಗಂಟೆಗಳ ಕೆಲಸ, ಜೊತೆಗೆ ದತ್ತು ತೆಗೆದುಕೊಂಡ ಹಳ್ಳಿಯೊಂದರಲ್ಲಿ ಏಳು ದಿನದ ವಿಶೇಷ ಶಿಬಿರ. ಕಾಲೇಜು ಕಲಿತ ಬಹುಪಾಲು ಜನ ಒಂದಲ್ಲ ಒಂದು ರೀತಿಯಲ್ಲಿ ಇದನ್ನು ಬಲ್ಲರು. ಬೆಳಿಗ್ಗೆ ಪ್ರಭಾತಫೇರಿ, ಆಮೇಲೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ. ಏಳನೆಯ ದಿನ ಸಮಾರೋಪ, ಹಾರ ತುರಾಯಿ, ಒಂದಿಷ್ಟು ಕಣ್ಣೀರು.

ಶಿಬಿರ ಮುಗಿದ ಮೇಲೆ ವರದಿ ಬರೆಯುವಾಗ ಹೆಚ್ಚಿನವರು ಒಂದೇ ಮಾತು ಬರೆಯುತ್ತಾರೆ: ನಾವು ಬಹಳ ಕಲಿತೆವು, ಜೀವನವನ್ನು ನೋಡುವ ನಮ್ಮ ದೃಷ್ಟಿಯೇ ಬದಲಾಯಿತು. ಈ ಮಾತು ಸುಳ್ಳಲ್ಲ. ಆದರೆ ಸ್ವಲ್ಪ ನಿಂತು ಓದಿದರೆ ಅದರೊಳಗೆ ಒಂದು ತೊಡಕು ಕಾಣುತ್ತದೆ. ಸೇವೆ ಮಾಡಲು ಹೋದವರು ತಮಗಾದ ಲಾಭದ ಪಟ್ಟಿಯನ್ನು ಕೊಡುತ್ತಿದ್ದಾರೆ. ಊರಿಗೆ ಏನಾಯಿತು ಎಂಬುದಕ್ಕೆ ಸ್ವಚ್ಛಗೊಳಿಸಿದ ಗಟಾರದ ಉದ್ದ, ನೆಟ್ಟ ಸಸಿಗಳ ಸಂಖ್ಯೆ ಇರುತ್ತದೆ. ಹಾಗಾದರೆ ಈ ಸೇವೆ ಯಾರಿಗೆ? ಮಾಡಿದವನಿಗೇ ಹೆಚ್ಚು ದೊರೆಯುವ ಕೆಲಸವನ್ನು ಸೇವೆ ಎಂದು ಕರೆಯಬಹುದೆ?

ಈ ಪ್ರಶ್ನೆಯನ್ನು ಅತ್ಯಂತ ಖಾರವಾಗಿ ಎತ್ತಿದವರು ಇವಾನ್ ಇಲಿಚ್. ವಿಯೆನ್ನಾದಲ್ಲಿ ಹುಟ್ಟಿ ಕ್ಯಾಥೊಲಿಕ್ ಪಾದ್ರಿಯಾದವರು, ಮೆಕ್ಸಿಕೋದ ಕುವೆರ್ನಾವಾಕಾದಲ್ಲಿ ಅಧ್ಯಯನ ಕೇಂದ್ರವೊಂದನ್ನು ನಡೆಸುತ್ತಿದ್ದರು. 1968ರ ಏಪ್ರಿಲ್‌ನಲ್ಲಿ, ಬೇಸಿಗೆಯಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆಂದು ಹೊರಟ ವಿದ್ಯಾರ್ಥಿಗಳ ಸಭೆಯೊಂದಕ್ಕೆ ಅವರನ್ನು ಭಾಷಣಕ್ಕೆ ಕರೆದರು. ಹೊರಟವರನ್ನು ಹರಸುವ ಬದಲು ಅವರು ಹೋಗಲೇಬೇಡಿ ಎಂದರು. ನಿಮಗೆ ಆ ಜನರ ಭಾಷೆ ಬರದು, ನೀವು ಮಾಡಿದ್ದು ಅವರಿಗೆ ಹಿಡಿಸದಿದ್ದರೆ ಅದನ್ನು ನಿಮಗೆ ಹೇಳುವ ದಾರಿ ಅವರಿಗಿಲ್ಲ, ನಿಮ್ಮ ಒಳ್ಳೆಯ ಉದ್ದೇಶ ಅವರ ಮೇಲೆ ಹೇರಿದ ಭಾರವಾಗುತ್ತದೆ ಎಂಬುದು ಅವರ ವಾದದ ಸಾರ. ಚರ್ಚಿನ ಒಳಗಿನವರೇ ಚರ್ಚಿನ ಮಕ್ಕಳಿಗೆ ಹೇಳಿದ್ದರಿಂದ ಆ ಮಾತಿಗೆ ತೂಕ ಬಂತು. ಇಂದಿಗೂ ಸ್ವಯಂಸೇವೆಯ ಬಗ್ಗೆ ಚರ್ಚೆ ಬಂದಾಗ ಆ ಭಾಷಣ ನೆನಪಾಗುತ್ತದೆ.

ಇಲಿಚ್‌ರ ಮಾತಿನ ನಂತರ ಎರಡು ಆಕ್ಷೇಪಗಳು ರೂಢಿಗೆ ಬಂದಿವೆ. ಒಂದು, ಸೇವೆಗೆ ಹೋಗುವವರ ಮನಸ್ಸು ಶುದ್ಧವಲ್ಲ. ಅವರಿಗೆ ಪುಣ್ಯ ಬೇಕು, ಪ್ರಮಾಣಪತ್ರ ಬೇಕು, ಫೋಟೊ ಬೇಕು. ಎರಡು, ಪ್ರಯಾಣಕ್ಕೆ ಖರ್ಚಾದ ಹಣವನ್ನು ಆ ಊರಿನ ಗೌಂಡಿಗೇ ಕೊಟ್ಟಿದ್ದರೆ ಗೋಡೆ ಇನ್ನೂ ನೆಟ್ಟಗೆ ಏಳುತ್ತಿತ್ತು. ಎರಡನೆಯದು ಲೆಕ್ಕದ ಮಾತು, ಬಹಳ ಸಲ ನಿಜವೂ ಹೌದು. ಮೊದಲನೆಯದರ ಬಗ್ಗೆ ನನಗೆ ಅನುಮಾನವಿದೆ.

ನಿಷ್ಕಾಮ ಕರ್ಮದ ಮಾತು ಕೇಳಿ ಬೆಳೆದ ನಮಗೆ ಮಾಡುವವನ ಮನಸ್ಸನ್ನು ತೂಗುವುದು ಸುಲಭದ ಅಭ್ಯಾಸ. ಆದರೆ ನೆಟ್ಟಗೆ ಕಟ್ಟಿದ ಗೋಡೆಗೆ ಒರಗಿ ಮಲಗುವವನಿಗೆ ಅದನ್ನು ಕಟ್ಟಿದವನ ಮನಸ್ಸಿನಲ್ಲಿ ಏನಿತ್ತು ಎಂಬುದರಿಂದ ಆಗಬೇಕಾದ್ದೇನೂ ಇಲ್ಲ. ಕೊಟ್ಟವನ ಅಂತರಂಗ ಎಷ್ಟೇ ತಿಳಿಯಾಗಿದ್ದರೂ ಪಡೆದವನಿಗೆ ಅವಮಾನವಾಗಬಹುದು. ಕೊಟ್ಟವನು ಹೆಸರಿಗಾಗಿ ಕೊಟ್ಟಿದ್ದರೂ ಪಡೆದವನು ತಲೆಯೆತ್ತಿ ನಿಲ್ಲಬಹುದು. ಸೇವೆಯ ಸರಿತಪ್ಪು ಇರುವುದು ಒಬ್ಬನ ಎದೆಯೊಳಗೆ ಎನ್ನುವುದಕ್ಕಿಂತ ಇಬ್ಬರ ನಡುವೆ ಎನ್ನುವುದು ಹೆಚ್ಚು ಸರಿ. ಆ ನಡುವಿನ ಜಾಗಕ್ಕೆ ಕನ್ನಡದಲ್ಲಿ ಒಂದು ಹಳೆಯ ಪದವಿದೆ. ಅದು ಮುಯ್ಯಿ.

ಮದುವೆ ಮನೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಅವರ ಮನೆಯಲ್ಲಿ ಮದುವೆಯಾದಾಗ ಆ ಪುಟ ತೆಗೆದು ನೋಡಿ, ಅಷ್ಟಕ್ಕೆ ಸ್ವಲ್ಪ ಸೇರಿಸಿ ತೀರಿಸುತ್ತಾರೆ. ಹೊಲದಲ್ಲಿ ಇದೇ ಪದ ಮುಯ್ಯಾಳು ಆಗುತ್ತದೆ: ಇವತ್ತು ನಿಮ್ಮ ಹೊಲದ ಕಳೆ ತೆಗೆಯಲು ನಾನು ಬರುತ್ತೇನೆ, ನಾಳೆ ನಮ್ಮ ಹೊಲಕ್ಕೆ ನೀವು ಬನ್ನಿ. ದುಡ್ಡಿನ ಮಾತಿಲ್ಲ, ಆಳಿಗೆ ಆಳು. ಇದೇ ಪದಕ್ಕೆ ಮೂರನೆಯ ಅರ್ಥವೂ ಉಂಟು: ಸೇಡು. ಹೊಡೆದವನಿಗೆ ಮುಯ್ಯಿ ತೀರಿಸುತ್ತೇನೆ ಎನ್ನುತ್ತೇವೆ. ಉಡುಗೊರೆಗೂ ದುಡಿಮೆಗೂ ಸೇಡಿಗೂ ಒಂದೇ ಪದವೇಕೆ ಎಂದು ಯೋಚಿಸಬೇಕು. ಮೂರರಲ್ಲೂ ಒಬ್ಬನು ಇನ್ನೊಬ್ಬನ ಬಾಳಿನಲ್ಲಿ ಏನನ್ನೋ ಇಟ್ಟು ಹೋಗಿದ್ದಾನೆ. ಅದಕ್ಕೆ ಪ್ರತಿಯಾಗಿ ಏನೂ ಮಾಡದೆ ಸುಮ್ಮನಿರುವವನು ಆ ಸಂಬಂಧದಲ್ಲಿ ಕೆಳಗೇ ಉಳಿಯುತ್ತಾನೆ.

ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನೇ ವಿಸ್ತಾರವಾಗಿ ತೋರಿಸಿದ. ಪೆಸಿಫಿಕ್ ದ್ವೀಪಗಳಿಂದ ಹಿಡಿದು ಅಮೆರಿಕದ ಮೂಲನಿವಾಸಿಗಳವರೆಗೆ ಅನೇಕ ಸಮಾಜಗಳಲ್ಲಿ ಕೊಡುವುದು, ಪಡೆಯುವುದು, ಮರಳಿಸುವುದು ಮೂರೂ ಕರ್ತವ್ಯಗಳೇ. ಮರಳಿಸಲು ಬಾರದ ಉಡುಗೊರೆ ಪಡೆದವನನ್ನು ಕೀಳು ಮಾಡುತ್ತದೆ. ನಮ್ಮ ಹಳ್ಳಿಯ ಮುದುಕಿಗೆ ಮೋಸ್ ಯಾರೆಂದು ಗೊತ್ತಿಲ್ಲ. ಆದರೆ ಪಕ್ಕದ ಮನೆಯಿಂದ ಪಲ್ಯ ತುಂಬಿ ಬಂದ ಬಟ್ಟಲನ್ನು ಅವಳು ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಹಿಡಿ ಶೇಂಗಾ ಆದರೂ ಹಾಕಿ ಕಳಿಸುತ್ತಾಳೆ.

ಸ್ವಯಂಸೇವೆಯ ನಿಜವಾದ ತೊಡಕು ಇಲ್ಲಿದೆ ಎಂದು ನನಗೆ ಅನಿಸುತ್ತದೆ. ಸೇವೆಗೆ ಬಂದವರಿಗೆ ಲಾಭವಾಗುವುದು ತಪ್ಪಲ್ಲ. ಆ ಲಾಭವನ್ನು ಕೊಟ್ಟವರು ಊರಿನವರು ಎಂದು ಲೆಕ್ಕಕ್ಕೆ ಬರೆಯದಿರುವುದು ತಪ್ಪು. ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವಂತೆ ಊರನ್ನು ಒತ್ತಾಯಿಸುವುದು ತಪ್ಪು.

ಒಂದು ನಿಜವಾದ ಊರಿನ ಸುತ್ತ ಇದನ್ನು ನೋಡೋಣ. ಬೆಳಗಾವಿ ಜಿಲ್ಲೆಯ ಸವದತ್ತಿಯ ಹತ್ತಿರ ಮಲಪ್ರಭೆ ಗುಡ್ಡವನ್ನು ಸೀಳಿಕೊಂಡು ಹರಿಯುವ ಕಣಿವೆ ನವಿಲುತೀರ್ಥ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕಿತ್ತೂರು, ಬೈಲಹೊಂಗಲ ಸೀಮೆ ದಾಟಿ ಬರುವ ನದಿಗೆ ಈ ಕಣಿವೆಯಲ್ಲಿ ಅಣೆಕಟ್ಟು ಕಟ್ಟಿದ್ದಾರೆ. ಹಿಂದೆ ನಿಂತ ನೀರಿಗೆ ರೇಣುಕಾಸಾಗರ ಎಂದು ಹೆಸರು. ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ. ಕೆಳಗೆ ಮುನವಳ್ಳಿ, ರಾಮದುರ್ಗ. ಇನ್ನೂ ಕೆಳಗೆ ಕೊಣ್ಣೂರು, ಪಟ್ಟದಕಲ್ಲು, ಕೊನೆಗೆ ಕೂಡಲಸಂಗಮ.

ಧಾರವಾಡದ ಕಾಲೇಜೊಂದರ ಐವತ್ತು ವಿದ್ಯಾರ್ಥಿಗಳು ಈ ಜಲಾಶಯದ ಸಮೀಪದ ಹಳ್ಳಿಯೊಂದಕ್ಕೆ ಏಳು ದಿನದ ಶಿಬಿರಕ್ಕೆ ಬಂದರು ಎಂದು ಇಟ್ಟುಕೊಳ್ಳಿ. ಕನ್ನಡ ಸಾಲಿಯ ಎರಡು ಕೋಣೆಗಳಲ್ಲಿ ವಸ್ತಿ. ಊರಿನ ಹೆಣ್ಣುಮಕ್ಕಳು ಬುಟ್ಟಿಗಟ್ಟಲೆ ಜೋಳದ ರೊಟ್ಟಿ ಬಡಿದು ಕಳಿಸುತ್ತಾರೆ, ಜೊತೆಗೆ ಪುಂಡಿಪಲ್ಯ, ಶೇಂಗಾ ಹಿಂಡಿ. ಹುಡುಗರು ಗಟಾರ ಬಳಿಯುತ್ತಾರೆ, ಹುಡುಗಿಯರು ಮನೆಮನೆಗೆ ಹೋಗಿ ಕುಡಿಯುವ ನೀರಿನ ಸ್ವಚ್ಛತೆಯ ಬಗ್ಗೆ ಹೇಳುತ್ತಾರೆ. ವೇದಿಕೆಯ ಬ್ಯಾನರಿನಲ್ಲಿ ಗ್ರಾಮಕ್ಕೆ ವಿದ್ಯಾರ್ಥಿಗಳ ಕೊಡುಗೆ ಎಂದಿರುತ್ತದೆ.

ಆದರೆ ಆ ವಿದ್ಯಾರ್ಥಿಗಳು ಧಾರವಾಡದ ಹಾಸ್ಟೆಲಿನಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಇದೇ ಜಲಾಶಯದಿಂದ. ಹುಬ್ಬಳ್ಳಿ ಧಾರವಾಡದ ನಲ್ಲಿಗಳಿಗೆ ಮಲಪ್ರಭೆಯ ನೀರು ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಹೋಗುತ್ತದೆ. ಆ ನೀರು ನಿಂತಿರುವುದು ಒಂದು ಕಾಲಕ್ಕೆ ಹೊಲಗಳಾಗಿದ್ದ, ಮನೆಗಳಿದ್ದ ನೆಲದ ಮೇಲೆ. ಅಣೆಕಟ್ಟು ಕಟ್ಟಿದಾಗ ಹಿನ್ನೀರಿನ ಊರುಗಳ ಜನ ನೆಲ ಬಿಟ್ಟು ಮೇಲೆ ಬಂದರು. ಅವರಿಗೆ ಪರಿಹಾರ ಸಿಕ್ಕಿರಬಹುದು. ಆದರೆ ಬಿಡುವುದು ಬೇಡ ಎನ್ನುವ ಆಯ್ಕೆ ಇರಲಿಲ್ಲ. ಶಿಬಿರದ ಹುಡುಗಿ ಯಾರದೋ ಮನೆಯಂಗಳದಲ್ಲಿ ನಿಂತು ನೀರನ್ನು ಸೋಸಿ ಕುಡಿಯಿರಿ ಎಂದು ಹೇಳುವಾಗ ಎದುರಿಗೆ ಕೂತ ಅಜ್ಜಿ, ತನ್ನ ತವರಿನ ಹೊಲದ ಮೇಲೆ ನಿಂತ ನೀರನ್ನು ಈ ಹುಡುಗಿ ಹುಟ್ಟಿದಾಗಿನಿಂದ ಕುಡಿಯುತ್ತಿದ್ದಾಳೆ ಎಂದು ಹೇಳಬಹುದು. ಹೇಳುವುದಿಲ್ಲ, ಅಷ್ಟೆ. ಮನೆಗೆ ಬಂದವರಿಗೆ ಹಾಗೆಲ್ಲ ಹೇಳಬಾರದೆಂಬ ಮರ್ಯಾದೆ ಅವಳಿಗಿದೆ.

ಹೀಗೆ ನೋಡಿದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಪಟ್ಟಣದಿಂದ ಬಂದವರು ಕೊಡುವವರಲ್ಲ, ಹಳೆಯ ಸಾಲಗಾರರು. ಅವರು ಬಳಿದ ಗಟಾರ ದಾನವೂ ಅಲ್ಲ, ದೊಡ್ಡ ಬಾಕಿಯ ಮೇಲೆ ಕಟ್ಟಿದ ಸಣ್ಣ ಬಡ್ಡಿ. ಎನ್‌ಎಸ್‌ಎಸ್‌ನ ಧ್ಯೇಯವಾಕ್ಯದ ಅರ್ಥ ನಾನಲ್ಲ, ನೀನು ಎಂದು. ಅದು ಉದಾತ್ತವಾದದ್ದೇ, ಆದರೂ ಅದರಲ್ಲಿ ನಾನು ಕೊಡುವವನು, ನೀನು ಪಡೆಯುವವನು ಎಂಬ ಊಹೆ ಉಳಿದುಬಿಡುತ್ತದೆ. ಮುಯ್ಯಿಯ ಭಾಷೆಯಲ್ಲಿ ಹೇಳುವುದಾದರೆ ನೀನು ಮೊದಲೇ ಕೊಟ್ಟಿದ್ದೀ, ಈಗ ನನ್ನ ಪಾಳಿ.

ಎಲ್ಲ ಸೇವೆಯನ್ನೂ ಈ ಅಳತೆಗೋಲಿನಿಂದ ಅಳೆಯಲಾಗದು ಎಂಬ ಆಕ್ಷೇಪ ಬರುತ್ತದೆ. ಹೌದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ರಾಮದುರ್ಗದಿಂದ ಕೊಣ್ಣೂರಿನವರೆಗೆ ಮನೆಗಳಿಗೆ ನೀರು ನುಗ್ಗಿತು. ಪಟ್ಟದಕಲ್ಲಿನ ಗುಡಿಗಳೂ ನೀರಿನಲ್ಲಿ ನಿಂತವು. ಕೊಚ್ಚಿಹೋಗುತ್ತಿರುವವನ ಕೈ ಹಿಡಿಯುವಾಗ ಯಾರೂ ಮುಯ್ಯಿಯ ಲೆಕ್ಕ ಹಾಕುವುದಿಲ್ಲ, ಹಾಕಬಾರದು. ಆದರೆ ಆ ದಿನಗಳಲ್ಲೂ ಎರಡು ಬಗೆಯ ಸಹಾಯ ಬಂತು. ನೆರೆ ಬಾರದ ಸೀಮೆಯ ಹಳ್ಳಿಗಳಲ್ಲಿ ಮನೆಮನೆಯಲ್ಲೂ ರೊಟ್ಟಿ ಬಡಿದು, ಚಟ್ನಿಪುಡಿ ಕಟ್ಟಿ, ಟೆಂಪೋ ತುಂಬಿ ಕಳಿಸಿದರು. ಕೆಲವು ದಿನ ಇಟ್ಟರೂ ಕೆಡದ ಕಟಿರೊಟ್ಟಿ ಈ ನೆಲದ ಜನರಿಗೆ ಗೊತ್ತಿರುವ ಬುತ್ತಿ. ಅದನ್ನು ಕಳಿಸಿದವರಿಗೂ ತಿಂದವರಿಗೂ ಮನಸ್ಸಿನಲ್ಲಿ ಇದ್ದದ್ದು ಒಂದೇ: ಇವತ್ತು ನಿಮಗೆ ಬಂದದ್ದು ನಾಳೆ ನಮಗೆ ಬರಬಹುದು. ಹೆಸರಿಲ್ಲದ ಮುಯ್ಯಿ ಅದು.

ಇನ್ನೊಂದು ಬಗೆಯದು, ಪ್ರತಿ ನೆರೆಯ ನಂತರವೂ ನಾವು ಕಾಣುವ ಹಳೆಯ ಬಟ್ಟೆಗಳ ರಾಶಿ. ಗುಂಡಿ ಹೋದ ಅಂಗಿ, ಜಿಪ್ ಕಿತ್ತ ಪ್ಯಾಂಟು, ಹೊಲದಲ್ಲಿ ಕೆಲಸ ಮಾಡುವ ಹೆಂಗಸು ಎಂದೂ ಉಡದ ತೆಳು ಸೀರೆ. ಕಳಿಸಿದವರಿಗೆ ಕಪಾಟು ಖಾಲಿಯಾದ ಸಮಾಧಾನ. ಪಡೆದವರಿಗೆ ಬೇಡ ಎನ್ನುವಂತಿಲ್ಲ. ಅಂದರೆ ಸೊಕ್ಕು ಎನ್ನುತ್ತಾರೆ. ರೊಟ್ಟಿ ಕಳಿಸಿದವರಿಗೆ ತಾವೂ ತಿನ್ನುವುದನ್ನು ಕಳಿಸಿದ್ದೇವೆ ಎಂಬುದು ಗೊತ್ತಿತ್ತು. ಬಟ್ಟೆ ಕಳಿಸಿದವರು ತಾವು ಉಡದೆ ಬಿಟ್ಟದ್ದನ್ನು ಕಳಿಸಿದರು. ಉದ್ದೇಶದಲ್ಲಿ ಇಬ್ಬರೂ ಒಳ್ಳೆಯವರೇ. ವ್ಯತ್ಯಾಸ ಇರುವುದು ಪಡೆಯುವವನನ್ನು ಸಮಾನನೆಂದು ಎಣಿಸಿದರೋ ಇಲ್ಲವೋ ಎಂಬಲ್ಲಿ.

ಬೇಡ ಎನ್ನುವ ಹಕ್ಕು ಎಷ್ಟು ಮುಖ್ಯ ಎಂಬುದಕ್ಕೆ ಇನ್ನೂ ದೊಡ್ಡ ಉದಾಹರಣೆ 2009ರದು. ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದ ನದಿದಂಡೆಯ ಊರುಗಳು ಕುಸಿದವು. ಸರ್ಕಾರ ಆಸರೆ ಎಂಬ ಯೋಜನೆ ಮಾಡಿತು. ಕಂಪನಿಗಳು, ಮಠಗಳು, ಸಂಘ ಸಂಸ್ಥೆಗಳು ಹಣ ಕೊಟ್ಟು ಎತ್ತರದ ಜಾಗಗಳಲ್ಲಿ ಸಾಲು ಸಾಲು ಮನೆಗಳನ್ನು ಕಟ್ಟಿಸಿದವು. ನಾಡಿನ ದೊಡ್ಡ ಔದಾರ್ಯ ಅದು. ಅನೇಕರು ಹೋಗಿ ನೆಲೆಸಿದರು. ಆದರೆ ಹಲವು ಕಡೆ ಆ ಮನೆಗಳು ವರ್ಷಗಟ್ಟಲೆ ಬೀಗ ಹಾಕಿಕೊಂಡೇ ಇದ್ದವು, ಸುತ್ತ ಜಾಲಿ ಬೆಳೆಯಿತು. ಜನ ಹಳೆಯ ಊರಿನ ಬಿರುಕು ಗೋಡೆಗಳಿಗೇ ಮರಳಿದರು. ಹೊಸ ಮನೆಯಿಂದ ಹೊಲ ದೂರ. ಎತ್ತು ಎಮ್ಮೆ ಕಟ್ಟಲು ಜಾಗವಿಲ್ಲ, ಕಣಿಕೆ ಒಟ್ಟಲು ಹಿತ್ತಿಲಿಲ್ಲ, ರಂಟಿ ಕುಂಟಿ ಇಡಲು ಪಡಸಾಲೆಯಿಲ್ಲ. ಒಕ್ಕಲುತನದ ಮನೆ ಎಂದರೆ ಮನುಷ್ಯರು ಮಲಗುವ ಕೋಣೆ ಮಾತ್ರ ಅಲ್ಲ ಎಂಬುದನ್ನು ಆ ಊರಿನ ಹತ್ತು ವರ್ಷದ ಹುಡುಗನನ್ನು ಕೇಳಿದ್ದರೂ ಹೇಳುತ್ತಿದ್ದ.

ಆ ಬೀಗಗಳನ್ನು ಕೃತಘ್ನತೆ ಎಂದು ಬೈದವರಿದ್ದಾರೆ. ನನಗೆ ಅವು ಪಡೆಯುವವರಿಗೆ ಉಳಿದಿದ್ದ ಒಂದೇ ಮಾತಿನಂತೆ ಕಾಣುತ್ತವೆ. ಮನೆ ಕಟ್ಟುವ ಮೊದಲು ಕೇಳಿದ್ದರೆ ಅದೇ ಮಾತನ್ನು ಬಾಯಿಂದ ಹೇಳುತ್ತಿದ್ದರು.

ಬಡವರ ಬಾಯಲ್ಲಿ ಬೇಡ ಎಂಬ ಮಾತು ಎಷ್ಟು ಘನವಾಗಿರಬಲ್ಲದು ಎಂಬುದಕ್ಕೆ ಶರಣರ ಐತಿಹ್ಯದಲ್ಲಿ ಆಯ್ದಕ್ಕಿ ಲಕ್ಕಮ್ಮನ ಕತೆಯಿದೆ. ಗಂಡ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ, ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದು ಆಸೆ, ಮರಳಿ ಸುರಿದು ಬಾ ಎಂದಳು. ಈ ಕತೆಯನ್ನು ಸಾಮಾನ್ಯವಾಗಿ ದುರಾಸೆಯ ವಿರುದ್ಧದ ಪಾಠವಾಗಿ ಹೇಳುತ್ತಾರೆ. ಅದರಲ್ಲಿ ಇನ್ನೊಂದು ಪಾಠವೂ ಇದೆ. ಅಂಗಳದ ಒಡೆಯ ಬಿಜ್ಜಳನ ಭಂಡಾರಿ, ಎಲ್ಲರಿಗೂ ದೊಡ್ಡವನು. ಅಂಥವನ ಅಂಗಳದಿಂದ ಬಂದದ್ದನ್ನೂ ಆಯ್ದು ಉಣ್ಣುವ ಬಡವಿ ಬೇಡ ಎನ್ನಬಲ್ಲಳು. ಅಷ್ಟೇ ಅಲ್ಲ, ಆ ಆಯ್ದ ಅಕ್ಕಿಯಲ್ಲೇ ಅವಳೂ ದಾಸೋಹ ನಡೆಸುತ್ತಿದ್ದಳು. ಪಡೆಯುವವರು ಕೊಡಲಾರರು ಎಂಬ ಗೆರೆ ಆ ಮನೆಯಲ್ಲಿ ಇರಲಿಲ್ಲ. ಸಹಾಯ ಪಡೆಯುವವರಿಂದ ನಾವು ಕಿತ್ತುಕೊಳ್ಳುವುದು ಬಹಳ ಸಲ ಈ ಎರಡನ್ನೇ: ಬೇಡ ಎನ್ನುವ ಮಾತು, ನಾನೂ ಕೊಡುತ್ತೇನೆ ಎನ್ನುವ ಮಾತು.

ಇವೆರಡನ್ನೂ ಉಳಿಸಿಕೊಂಡು ನಡೆದ ಸೇವೆ ಉಂಟೆ? ಉಂಟು, ನವಿಲುತೀರ್ಥದ ಸೀಮೆಗೆ ಹತ್ತಿರವೇ. ಸವದತ್ತಿಯ ಯಲ್ಲಮ್ಮನ ಗುಡ್ಡದ ಹೆಸರಿನ ಜೊತೆಗೆ ದೇವದಾಸಿ ಪದ್ಧತಿಯ ನೋವೂ ಸೇರಿಕೊಂಡಿದೆ. ಬಡ ದಲಿತ ಮನೆಗಳ ಹೆಣ್ಣುಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ಮುತ್ತು ಕಟ್ಟಿ ಬಿಡುತ್ತಿದ್ದರು. ಅವರನ್ನು ಉದ್ಧರಿಸಲು ಹೊರಗಿನಿಂದ ಬಂದವರಿಗೆ ಕೊರತೆಯಿರಲಿಲ್ಲ. 1982ರ ಕಾಯ್ದೆಯೂ ಬಂತು. 1990ರ ದಶಕದ ಆರಂಭದಲ್ಲಿ ಮೈರಾಡ ಸಂಸ್ಥೆ ಬೆಳಗಾವಿ ಜಿಲ್ಲೆಯಲ್ಲಿ ಈ ಹೆಂಗಸರ ಸಂಘಗಳನ್ನು ಕಟ್ಟಲು ತೊಡಗಿತು. 1997ರಲ್ಲಿ ಮಾಜಿ ದೇವದಾಸಿಯರೇ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಎಂಬ ತಮ್ಮದೇ ಸಂಸ್ಥೆ ಮಾಡಿಕೊಂಡರು. ಕೇಂದ್ರ ಘಟಪ್ರಭಾ, ಜನರ ಬಾಯಲ್ಲಿ ಅದು ಮಾಸ್. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡ ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಅದನ್ನು ಮುನ್ನಡೆಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇಲ್ಲಿ ಗಮನಿಸಬೇಕಾದದ್ದು ಪ್ರಶಸ್ತಿಯನ್ನಲ್ಲ. ಫಲಾನುಭವಿಗಳು ಎಂದು ಯಾರ ಹೆಸರನ್ನು ಪಟ್ಟಿಯಲ್ಲಿ ಬರೆದಿದ್ದರೋ ಅವರೇ ಕುರ್ಚಿಯಲ್ಲಿ ಕೂತು ಇನ್ನೊಬ್ಬ ಹೆಣ್ಣುಮಗಳ ಕೈ ಹಿಡಿದರು. ಹೊಸದಾಗಿ ಮುತ್ತು ಕಟ್ಟುವುದನ್ನು ತಡೆಯಲು ಪೊಲೀಸರಿಗಿಂತ ಮೊದಲು ಅವರೇ ಹೋಗಿ ನಿಂತರು. ತಾವು ಪಡೆದದ್ದಕ್ಕೆ ಮುಯ್ಯಿಯನ್ನು ಕೊಟ್ಟವರಿಗೆ ಮರಳಿಸದೆ ಮುಂದಿನವರಿಗೆ ತೀರಿಸಿದರು. ಹೊರಗಿನಿಂದ ಬಂದ ಸಂಸ್ಥೆಗೆ ಅಲ್ಲಿ ಮುಖ್ಯ ಪಾತ್ರ ಉಳಿಯಲಿಲ್ಲ. ಸೇವೆ ಮಾಡಿದವನು ಬೇಡವಾಗುವ ದಿನ ಬಂದರೆ ಅದು ಸೇವೆಯ ಸೋಲಲ್ಲ.

ಚರ್ಚಿನ ಕಡೆಯಿಂದ ಬಂದವರ ವಿಷಯದಲ್ಲೂ ಇದೇ ಅಳತೆ ಕೆಲಸ ಮಾಡುತ್ತದೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಫರ್ಡಿನಾಂಡ್ ಕಿಟೆಲ್ ಧರ್ಮ ಕೊಡಲು ಬಂದವರು. ಇವತ್ತು ನಾವು ಅವರನ್ನು ನೆನೆಯುವುದು 1894ರ ನಿಘಂಟಿಗಾಗಿ. ಅಂದರೆ ಅವರು ಈ ಜನರಿಂದ ಕೇಳಿ ಕಲಿತದ್ದಕ್ಕಾಗಿ. ಕೊಡಲು ಬಂದವರು ಪಡೆದರು, ಪಡೆದದ್ದನ್ನು ಜೋಡಿಸಿ ಮರಳಿಸಿದರು. ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಜೆಸ್ವಿತ್ ಪಾದ್ರಿಗಳು ಕಾವಿಯುಟ್ಟು, ಸ್ವಾಮಿಗಳೆಂದು ಕರೆಸಿಕೊಂಡು, ವಿರಕ್ತ ಮಠದ ರೀತಿಯಲ್ಲಿ ಬಾಳಿದರು. ಅದನ್ನು ಮತಾಂತರದ ಉಪಾಯ ಎನ್ನುವವರೂ ಇದ್ದಾರೆ, ಭಕ್ತಿಯ ಸಮನ್ವಯ ಎನ್ನುವವರೂ ಇದ್ದಾರೆ. ಆ ವಾದ ಏನೇ ಇರಲಿ, ಒಂದು ಊರಿಗೆ ಬಂದವನು ತನ್ನ ಉಡುಪನ್ನೂ ಊಟವನ್ನೂ ಆ ಊರಿಗೆ ತಕ್ಕಂತೆ ಬದಲಾಯಿಸಿಕೊಳ್ಳಬೇಕಾಯಿತು ಎಂಬುದು ನಿಜ. ಏಳು ದಿನಕ್ಕೆ ಬಂದವನನ್ನು ಯಾವ ಊರೂ ಬದಲಾಯಿಸುವುದಿಲ್ಲ. ಅವನಿಗೆ ಬಸ್ಸು ಕಾಯುತ್ತಿರುತ್ತದೆ.

ಇಷ್ಟು ಹೇಳಿದ ಮೇಲೆ ಮುಯ್ಯಿಯ ಕತ್ತಲ ಮಗ್ಗುಲನ್ನೂ ನೋಡಬೇಕು. ಮುಯ್ಯಿ ನಡೆಯುವುದು ಸರೀಕರ ನಡುವೆ. ಮದುವೆಯ ನೋಟ್‌ಬುಕ್ಕಿನಲ್ಲಿ ಯಾರ ಹೆಸರಿದೆ, ಯಾರದಿಲ್ಲ ಎಂಬುದು ಜಾತಿಯ ನಕ್ಷೆಯೂ ಹೌದು. ಮುಯ್ಯಾಳಾಗಿ ಒಬ್ಬರ ಹೊಲಕ್ಕೆ ಒಬ್ಬರು ಹೋಗುವವರು ಹೊಲ ಇದ್ದವರು. ಹೊಲವೇ ಇಲ್ಲದವನು ಯಾರಿಗೆ ಆಳು ಕೊಟ್ಟು ಯಾರಿಂದ ಪಡೆಯಬೇಕು? ಇನ್ನೂ ಕೆಟ್ಟದ್ದೆಂದರೆ ಋಣ ತೀರಿಸುವ ಮಾತೇ ತಲೆಮಾರುಗಳ ಸಂಕೋಲೆಯಾದದ್ದು. ಮದುವೆಗೆ ಪಡೆದ ಸಣ್ಣ ಸಾಲಕ್ಕೆ ಅಪ್ಪ ಮಗ ಇಬ್ಬರೂ ಜೀತಕ್ಕಿದ್ದದ್ದು ಈ ನಾಡಿನಲ್ಲೇ. ಅದನ್ನು ನಿಲ್ಲಿಸಲು 1976ರಲ್ಲಿ ಕಾನೂನು ಬೇಕಾಯಿತು. ಋಣ ಎಂಬುದು ಪವಿತ್ರವಾದ ಮಾತು ಎಂದು ಹೇಳುವವರು ಇದನ್ನು ಮರೆಯಬಾರದು.

ಹಾಗಾದರೆ ಊರನ್ನು ಕೇಳಿ ಮಾಡಿ ಎಂದರೆ ಯಾರನ್ನು ಕೇಳಬೇಕು? ಶಿಬಿರ ನಡೆಸುವವರು ಸಾಮಾನ್ಯವಾಗಿ ಪಂಚಾಯತಿಯವರನ್ನು, ಊರ ಹಿರಿಯರನ್ನು ಕೇಳುತ್ತಾರೆ. ಅವರು ಗುಡಿಯ ಮುಂದಿನ ರಸ್ತೆ ತೋರಿಸುತ್ತಾರೆ. ದಲಿತರ ಕೇರಿಯ ಗಟಾರ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ರೊಟ್ಟಿ ಬರುವ ಮನೆಗಳ ಪಟ್ಟಿಯಲ್ಲೂ ಆ ಕೇರಿ ಇರುವುದಿಲ್ಲ. ಏಳು ದಿನ ಊರಿನಲ್ಲಿದ್ದು, ಸಮಾನತೆಯ ಬೀದಿನಾಟಕ ಆಡಿ, ಆ ಕೇರಿಯ ಒಂದು ಮನೆಯಲ್ಲೂ ನೀರು ಕುಡಿಯದೆ ಹಿಂತಿರುಗಿದ ಶಿಬಿರ ಊರಿನ ಹಳೆಯ ನೋಟ್‌ಬುಕ್ಕಿಗೆ ತಾನೂ ಸಹಿ ಹಾಕಿ ಬಂದಂತೆ.

ಇಲಿಚ್‌ರ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಇಲ್ಲಿಯೇ. ಹೊರಗಿನವನು ಬರಲೇಬಾರದು ಎಂದರೆ ಊರಿನ ಒಳಗಿನ ಲೆಕ್ಕ ಹಾಗೆಯೇ ಉಳಿಯುತ್ತದೆ. ಹೊರಗಿನವನ ದೌರ್ಬಲ್ಯವೇ ಅವನ ಶಕ್ತಿ: ಅವನ ಹೆಸರು ಊರಿನ ಯಾವ ನೋಟ್‌ಬುಕ್ಕಿನಲ್ಲೂ ಇಲ್ಲ. ಆದ್ದರಿಂದ ಊರಿನವರು ಉಣ್ಣದ ಮನೆಯಲ್ಲಿ ಅವನು ಉಣ್ಣಬಲ್ಲ. ಎಷ್ಟೋ ಕಾಲದಿಂದ ಪಡೆಯುವ ಜಾಗದಲ್ಲೇ ನಿಲ್ಲಿಸಿದ್ದ ಮನೆಯೊಂದಕ್ಕೆ, ನಿಮ್ಮ ಕೈಯ ರೊಟ್ಟಿ ಬೇಕು ಎಂದು ಕೇಳಬಲ್ಲ. ಗಟಾರ ಬಳಿಯುವುದಕ್ಕೆ ಪಂಚಾಯತಿಯ ಕೂಲಿ ಸಾಕು. ಆ ಮನೆಯಲ್ಲಿ ಕೂತು ಉಂಡು, ಚಲೋ ಆಗಿತ್ತವ್ವಾ ಎಂದು ಹೇಳಿ ಏಳುವುದಕ್ಕೆ ಶಿಬಿರಾರ್ಥಿಯೇ ಬೇಕು. ಊರಿಗೆ ಅದು ಕೆಲವು ದಿನ ಮಾತಿಗೆ ವಸ್ತುವಾಗುತ್ತದೆ. ಆ ಮಾತು ಎಲ್ಲಿಗೆ ಹೋಗುತ್ತದೆ ಎಂಬುದು ಬಂದವನ ಕೈಯಲ್ಲಿಲ್ಲ. ಅವನು ಹೊರಟ ಮೇಲೆ ಆ ಮನೆಯವರಿಗೆ ಊರಿನಿಂದ ತೊಂದರೆಯಾಗಬಹುದು ಎಂಬ ಎಚ್ಚರವೂ ಅವನಿಗಿರಬೇಕು. ಅದಕ್ಕೇ ಒಂದು ಸಲ ಹೋಗಿ ಬರುವುದು ಸಾಲದು, ಮತ್ತೆ ಮತ್ತೆ ಹೋಗಬೇಕು.

ಹಾಗಾಗಿ ಸೇವೆಗೆ ಹೊರಟವರಿಗೆ ನನ್ನ ಕೋರಿಕೆ ಸಣ್ಣದು. ಪ್ರತಿ ವರ್ಷ ಹೊಸ ಊರು ಹುಡುಕುವ ಬದಲು ಅದೇ ಊರಿಗೆ ಹೋಗಿ, ಹೋದ ವರ್ಷ ನೆಟ್ಟ ಸಸಿಯ ಗತಿ ಏನಾಯಿತೆಂದು ಕಣ್ಣಾರೆ ನೋಡಿ. ಗೋಡೆ ಕಟ್ಟುವುದಿದ್ದರೆ ಊರಿನ ಗೌಂಡಿಯ ಕೈಕೆಳಗೆ ಕಲ್ಲು ಹೊರುವ ಆಳಾಗಿ, ಅವನು ಬೈದರೆ ಬೈಸಿಕೊಳ್ಳಿ. ಊರಿನ ನಾಲ್ಕು ಜನರನ್ನು ಕಾಲೇಜಿಗೆ ಕರೆದು, ಬಿತ್ತನೆಯ ಬಗ್ಗೆ, ನೆರೆಯ ಬಗ್ಗೆ, ಅಣೆಕಟ್ಟಿಗೆ ಬಿಟ್ಟ ನೆಲದ ಬಗ್ಗೆ ಅವರು ಮಾತಾಡುವಾಗ ಕೆಳಗೆ ಕೂತು ಕೇಳಿ, ಊಟ ಹಾಕಿ ಕಳಿಸಿ. ಕೊಡುವುದು ಬೇಡ ಎಂದು ಊರು ಹೇಳಿದರೆ ಕೊಡಬೇಡಿ. ಊರು ಏನಾದರೂ ಕೊಟ್ಟರೆ ಬೇಡ ಎನ್ನಬೇಡಿ.

ಶಿಬಿರದ ವರದಿಯ ಮುದ್ರಿತ ನಮೂನೆಯಲ್ಲಿ ನಾವು ಮಾಡಿದ ಕೆಲಸ ಎಂಬ ಕಾಲಂ ಇರುತ್ತದೆ. ಅದರ ಪಕ್ಕದಲ್ಲಿ ಕೈಯಿಂದಲೇ ಗೆರೆ ಎಳೆದು ನಾವು ಪಡೆದದ್ದು ಎಂದು ಇನ್ನೊಂದು ಕಾಲಂ ಮಾಡಿಕೊಳ್ಳಬಹುದು. ಎಷ್ಟು ರೊಟ್ಟಿ, ಯಾವ ಯಾವ ಮನೆಯದು, ಯಾರು ಏನು ಕಲಿಸಿದರು, ಯಾರ ಹೊಲದ ಮೇಲೆ ನಿಂತ ನೀರು. ಎರಡೂ ಕಡೆ ಮೊತ್ತ ಸಮವಾಗುವುದಿಲ್ಲ. ಮುಂದಿನ ವರ್ಷ ಮತ್ತೆ ಅದೇ ಊರಿಗೆ ಹೋಗಲು ಅದೇ ಕಾರಣ ಸಾಕು.